ಪಹಣಿಯ ಹನ್ನೆರಡನೇ ಕಾಲಂ

‘ಪಹಣಿ ನನ್ನ ಹೆಸರಿನಲ್ಲಿದೆ, ಜಮೀನು ನನ್ನದೇ’ ಎಂಬ ಮಾತು ಮಂಡ್ಯ ಕಡೆಯ ಪ್ರತಿ ಊರಿನಲ್ಲೂ ಕೇಳಿಸುತ್ತದೆ. ಪಹಣಿ ಎಂದರೆ ಜಮೀನು ಯಾರದು, ಸಾಗುವಳಿ ಯಾರದು, ಬೆಳೆ ಏನು ಎಂದು ಬರೆದಿಡುವ ಕಂದಾಯ ದಾಖಲೆ. ನ್ಯಾಯಾಲಯ ಅಷ್ಟಕ್ಕೇ ಒಪ್ಪುವುದಿಲ್ಲ. ಪಹಣಿಯ ನಮೂದು ನಿಜವೆಂದು ನಮ್ಮ ಭೂಕಂದಾಯ ಕಾಯ್ದೆ ಭಾವಿಸುತ್ತದೆ, ಆದರೆ ಎದುರು ಪಕ್ಷ ಅದು ತಪ್ಪೆಂದು ತೋರಿಸುವವರೆಗೆ ಮಾತ್ರ. ಒಡೆತನಕ್ಕೆ ನೋಂದಣಿಯಾದ ಕ್ರಯಪತ್ರ, ವಿಭಾಗಪತ್ರದಂಥ ಆಧಾರ ಬೇಕು. ಹಕ್ಕು ತನ್ನದೆನ್ನುವವನೇ ಅದನ್ನು ರುಜುವಾತುಪಡಿಸಬೇಕು. 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದ್ದರೂ ಈ ಹೊಣೆ ಹಾಗೆಯೇ ಉಳಿದಿದೆ.

ಇಂದು ದೊಡ್ಡಪ್ಪನ ಜೊತೆ ಮಂಡ್ಯದ ನ್ಯಾಯಾಲಯಕ್ಕೆ ಹೋಗಿದ್ದೆ. ನಮ್ಮ ಸರದಿಗೂ ಮುಂಚೆ ಬೇರೆ ಯಾರದೋ ನಾಲೆ ಬಯಲಿನ ಗದ್ದೆಯ ವ್ಯಾಜ್ಯ ನಡೆಯುತ್ತಿತ್ತು. ಬಿಳಿ ಪಂಚೆಯ ಹಿರಿಯ ಸಾಕ್ಷಿಯೊಬ್ಬರು, ‘ಆ ವರ್ಷ ಇವರೇ ಕಬ್ಬು ಹಾಕಿದ್ದರು, ಕಣ್ಣಾರೆ ಕಂಡಿದ್ದೇನೆ ಸ್ವಾಮಿ’ ಎಂದರು. ಕೇಳಿದರೆ ಯಾರಾದರೂ ನಂಬಬೇಕು, ಅಷ್ಟು ಗಟ್ಟಿ ದನಿ. ಪಾಟೀಸವಾಲಿಗೆ ಎದ್ದ ವಕೀಲರು ದನಿಯನ್ನೂ ಏರಿಸಲಿಲ್ಲ. ಅದೇ ವರ್ಷದ ಪಹಣಿ ತೆಗೆದು, ಬೆಳೆ ಬರೆಯುವ 12ನೇ ಕಾಲಂ ಮೇಲೆ ಬೆರಳಿಟ್ಟರು. ಅಲ್ಲಿ ಭತ್ತ ಎಂದಿತ್ತು, ಸಾಗುವಳಿದಾರರ ಹೆಸರೂ ಬೇರೆ. ಹಿರಿಯರು ಕಟಕಟೆಯ ಅಂಚು ಹಿಡಿದುಕೊಂಡು ಸುಮ್ಮನಾದರು.

ಅವರು ಸುಳ್ಳು ಹೇಳಿದರೆಂದು ನನಗೆ ಅನಿಸಲಿಲ್ಲ, ವರ್ಷ ಮರೆತಿರಬಹುದು. ಇಲ್ಲವೇ ಪಹಣಿ ಬರೆದವರು ಬೆಳೆ ನೋಡದೆಯೇ ಕಾಲಂ ತುಂಬಿದ್ದೂ ಇರಬಹುದು. ಅದಕ್ಕೇ ಕಾಗದವನ್ನೂ ಪ್ರಶ್ನಿಸುವ ಅವಕಾಶ ಎದುರಿನವರಿಗೆ ಇದೆ, ಮತ್ತು ಅದು ಇರಲೇಬೇಕು. ನಮ್ಮ ಪ್ರಕರಣಕ್ಕೆ ಮುಂದಿನ ತಾರೀಖು ಸಿಕ್ಕಿತು.