ಕಾರವಾರದ ಮಹಡಿಯಲ್ಲಿ ‘ಇಂಟರ್‌ಸ್ಟೆಲ್ಲರ್’: ಒಂದು ಲೆಗ್ ಹಾರ್ಮೋನಿಯಂ ದಿನಚರಿ

ಡಿಸೆಂಬರ್ 7, 2025

ಪೇಟಿ ಮನೆಗೆ ಬಂತು. ಶಿರಸಿಯಿಂದ ಅಡಿಕೆ ಚೀಲಗಳಿಗೆ ಒರಗಿಕೊಂಡು ಘಟ್ಟ ಇಳಿದು, ಕುಮಟೆಯಲ್ಲಿ ಟೆಂಪೋ ಚಾಲಕನ ಊಟ ಮುಗಿಯುವವರೆಗೆ ಕಾದು, ಕತ್ತಲಾಗುವ ಹೊತ್ತಿಗೆ ಕೋಡಿಬಾಗ ತಲುಪಿತು. ಮಹಡಿಗೆ ಹತ್ತಿಸಲು ಮೂವರು ಬೇಕಾದರು. ಹೆಂಡತಿ ಬಾಗಿಲಲ್ಲೇ ನಿಂತು, “ಇದರಲ್ಲಿ ಇಲಿ ಇಲ್ಲ ತಾನೇ?” ಎಂದಷ್ಟೇ ಕೇಳಿದಳು. ಇಲ್ಲ ಎಂದೆ.

ಇದು ಕೈಪೇಟಿಯಲ್ಲ, ಕಾಲಿನಿಂದ ತಿದಿ ಒತ್ತುವ ಲೆಗ್ ಹಾರ್ಮೋನಿಯಂ. ನಾಟಕ ಕಂಪನಿಗಳಲ್ಲಿ ಇರುತ್ತಿತ್ತಲ್ಲ, ಆ ಜಾತಿಯದು. ಮಾರಿಕಾಂಬಾ ಜಾತ್ರೆಗೆ ಬಂದು ಡೇರೆ ಹಾಕಿದ್ದ ಯಾವುದೋ ಕಂಪನಿ ಸಾಲ ತೀರಿಸಲಾಗದೆ ಬಿಟ್ಟುಹೋದದ್ದು ಎಂದು ಕೊಟ್ಟ ಮನೆಯವರು ಹೇಳಿದರು. ಕಂಪನಿಯ ಹೆಸರು ಅವರಿಗೂ ಮರೆತಿದೆ. ಅಟ್ಟದಲ್ಲಿ ನಲವತ್ತು ವರ್ಷ ಮಲಗಿತ್ತಂತೆ. “ತಮ್ಮಾ, ಇದನ್ನು ತೆಗೆದುಕೊಂಡು ಹೋಗಿ ಏನು ಬಾರಿಸುತ್ತೀ?” ಎಂದು ಆ ಮನೆಯ ಅಜ್ಜಿ ಕೇಳಿದಾಗ, ಇಂಗ್ಲಿಷ್ ಸಿನಿಮಾದ ಸಂಗೀತ ಎನ್ನಲು ಬಾಯಿ ಬರಲಿಲ್ಲ. ಭಜನೆ ಎಂದೆ. ದೇವರು ಕ್ಷಮಿಸಲಿ.

ಇಷ್ಟಕ್ಕೆಲ್ಲ ಕಾರಣ ಇಂಗ್ಲಿಷ್ ಸಿನಿಮಾ ನಿರ್ದೇಶಕ ಕ್ರಿಸ್ಟೋಫರ್ ನೋಲನ್. ಭಾನುವಾರ ಸಂಜೆ ಟಾಗೋರ್ ಕಡಲತೀರದಲ್ಲಿ ನಾವು ಮೂವರು ಕೂರುತ್ತೇವೆ: ನಿವೃತ್ತ ಗಣಿತದ ಮಾಸ್ತರು, ಬೈತಖೋಲದಲ್ಲಿ ಬೋಟು ಇಟ್ಟುಕೊಂಡಿರುವ ಗೆಳೆಯ ಮತ್ತು ನಾನು. ಮಾತು ಕೊಂಕಣಿಯಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ, ಕೊನೆಗೆ ನೋಲನ್ ಬಳಿ ಬಂದು ಜಗಳವಾಗಿ ನಿಲ್ಲುತ್ತದೆ. ಜಗಳ ಒಂದೇ: ಹಾನ್ಸ್ ಜಿಮ್ಮರ್ ದೊಡ್ಡವನೋ, ಲುಡ್ವಿಗ್ ಗೊರಾನ್ಸನ್ ದೊಡ್ಡವನೋ? ಜಿಮ್ಮರ್ 2005ರ ‘ಬ್ಯಾಟ್‌ಮನ್ ಬಿಗಿನ್ಸ್’ನಿಂದ 2017ರ ‘ಡನ್‌ಕರ್ಕ್’ವರೆಗೆ ನೋಲನ್‌ನ ಆರು ಚಿತ್ರಗಳಿಗೆ ಸಂಗೀತ ಕೊಟ್ಟವನು. ಮುಂದಿನ ಚಿತ್ರ ‘ಟೆನೆಟ್’ ಹೊತ್ತಿಗೆ ಅವನು ಬೇರೆ ನಿರ್ದೇಶಕನ ‘ಡ್ಯೂನ್’ ಒಪ್ಪಿಕೊಂಡಾಗಿತ್ತು, ಗೊರಾನ್ಸನ್ ಬಂದ. ‘ಒಪೆನ್‌ಹೈಮರ್’ಗೆ ಅವನಿಗೆ ಆಸ್ಕರ್ ಸಿಕ್ಕಿತು. ‘ಇಂಟರ್‌ಸ್ಟೆಲ್ಲರ್’ಗೆ ಜಿಮ್ಮರ್‌ಗೆ ಸಿಗಲಿಲ್ಲ. ಬೋಟಿನವನ ವಾದವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ. ಮಾಸ್ತರು ಇಬ್ಬರನ್ನೂ ಒಪ್ಪುವುದಿಲ್ಲ. ಅವರದು ‘ಮೆಮೆಂಟೊ’, ‘ಪ್ರೆಸ್ಟೀಜ್’ ಕಾಲದ ಡೇವಿಡ್ ಜೂಲಿಯನ್ ಪಕ್ಷ. ಆ ಪಕ್ಷದಲ್ಲಿ ಕಾರವಾರದ ಮಟ್ಟಿಗೆ ಅವರೊಬ್ಬರೇ ಇದ್ದಾರೆ.

ಕಳೆದ ಫೆಬ್ರವರಿಯಲ್ಲಿ ‘ಇಂಟರ್‌ಸ್ಟೆಲ್ಲರ್’ ಎಂಬ ನೋಲನ್‌ನ ಬಾಹ್ಯಾಕಾಶದ ಚಿತ್ರ ನಮ್ಮ ದೇಶದಲ್ಲಿ ಮತ್ತೆ ತೆರೆಕಂಡಾಗ ಮಡಗಾಂವಿಗೆ ಹೋಗಿ ನೋಡಿ ಬಂದೆವು. ಹಿಂದಿರುಗುವ ರೈಲಿನಲ್ಲಿ ನಾನು ಬಾಯಿತಪ್ಪಿ, ಆ ಆರ್ಗನ್ ಸಂಗೀತವನ್ನು ನಮ್ಮ ಪೇಟಿಯಲ್ಲೂ ನುಡಿಸಬಹುದು ಎಂದೆ. ಅದೇ ಈಗ ಕೊರಳಿಗೆ ಬಿದ್ದಿದೆ. ಗಡುವನ್ನೂ ಅವರೇ ಹಾಕಿದರು: ನೋಲನ್‌ನ ಹೊಸ ಚಿತ್ರ, ಗ್ರೀಕ್ ಮಹಾಕಾವ್ಯದ ಕಡಲಯಾನದ ಕಥೆ ‘ದಿ ಒಡಿಸ್ಸಿ’ ಬರುವ 2026ರ ಜುಲೈ 17.

ಡಿಸೆಂಬರ್ 25

ಬಿಚ್ಚಿದೆ. ಇಲಿ ಇರಲಿಲ್ಲ, ಇಲಿಯ ಗೂಡಿತ್ತು. ಹಳೆಯ ಪತ್ರಿಕೆಯ ಚೂರು, ಹತ್ತಿ, ಎಂಟು ಅಡಿಕೆ ಸಿಪ್ಪೆ. ತಿದಿಯ ಮಡಿಕೆಗಳಲ್ಲಿ ಚರ್ಮ ಒಣಗಿ ಹಪ್ಪಳವಾಗಿದೆ, ಮುಟ್ಟಿದಲ್ಲೆಲ್ಲ ಬಿರುಕು. ಮರ ಮಾತ್ರ ಒಳ್ಳೆಯ ಸಾಗುವಾನಿ. ಅಟ್ಟದ ಹೊಗೆ ಅದನ್ನು ಕಾಪಾಡಿದೆ ಎಂದು ಕಾಣುತ್ತದೆ.

ರೀಡುಗಳನ್ನು ಒಂದೊಂದಾಗಿ ಹೊರತೆಗೆದು ಹಳೆಯ ಲುಂಗಿಯ ಮೇಲೆ ಸಾಲಾಗಿ ಇಟ್ಟೆ. ಕಿರುಬೆರಳಿನಷ್ಟು ಉದ್ದದ ಹಿತ್ತಾಳೆ ಪಟ್ಟಿ, ನಡುವೆ ಸೀಳು, ಆ ಸೀಳಿನ ಮೇಲೆ ಒಂದು ತುದಿಗೆ ಮಾತ್ರ ಬಿಗಿದ ತೆಳು ನಾಲಿಗೆ. ಗಾಳಿ ಹಾದರೆ ನಾಲಿಗೆ ಅದುರುತ್ತದೆ. ಸ್ವರ ಎಂದರೆ ಇಷ್ಟೇ. ಅರ್ಧಕ್ಕರ್ಧ ರೀಡುಗಳ ಮೇಲೆ ಹಸಿರು ಕಿಲುಬು. ಹುಣಸೆ ನೀರಿನಲ್ಲಿ ಅದ್ದಿದರೆ ಹೋಗುತ್ತದೆ ಎಂದು ಹೆಂಡತಿ ಹೇಳಿದಳು. ದೀಪದ ಕಂಬ ಬೆಳಗುವ ಅನುಭವ ಅವಳದು, ಆದರೆ ನಾಲಿಗೆಯ ತೂಕ ಸ್ವಲ್ಪ ಬದಲಾದರೂ ಶ್ರುತಿ ಹೋಗುತ್ತದೆ ಎಂದು ಹೆದರಿ ಮೆತ್ತನೆಯ ಕುಂಚದಲ್ಲೇ ಉಜ್ಜಿದೆ. ನಾಲ್ಕು ಸಂಜೆ ಹಿಡಿಯಿತು. ಅಷ್ಟರಲ್ಲಿ ‘ಒಡಿಸ್ಸಿ’ಯ ಟ್ರೇಲರ್ ಬಂದು, ಬೋಟಿನವನು ಅದನ್ನು ನನಗೆ ಹನ್ನೊಂದು ಸಲ ಕಳಿಸಿದ. “ದೋಣಿ ನೋಡಿದೆಯಾ? ನೀರು ನೋಡಿದೆಯಾ?” ಎಂದು. ಅವನಿಗೆ ನಾಯಕ ಮ್ಯಾಟ್ ಡೇಮನ್ ಕಾಣುವುದೇ ಇಲ್ಲ, ಹುಟ್ಟು ಹಾಕುವವರ ಭುಜವೇ ಕಾಣುತ್ತದೆ.

ಜನವರಿ 18, 2026

ಅನಾಹುತ. ಮಧ್ಯ ಸಪ್ತಕದ ಬಿಳಿ ಮೂರು, ಅಂದರೆ ಮೂರನೆಯ ಬಿಳಿ ಮನೆ (ಕೀ), ಸ್ವಲ್ಪ ತಗ್ಗಿತ್ತು. ರೀಡಿನ ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಇಷ್ಟು ಓದಿಕೊಂಡಿದ್ದೆ. ಎಷ್ಟು ಕೆರೆಯಬೇಕು ಎಂಬುದು ಓದಿನಿಂದ ಬರುವುದಿಲ್ಲ. ಮೂರು ಸಲ ಕೆರೆದೆ, ಏರಿತು. ನಾಲ್ಕನೆಯ ಸಲ ಹೆಚ್ಚಾಯಿತು. ಇಳಿಸಲು ಬುಡದಲ್ಲಿ ಕೆರೆದೆ, ಅದೂ ಹೆಚ್ಚಾಯಿತು. ಹೀಗೆ ಮೇಲೆ ಕೆಳಗೆ ಆಡಿಸಿ ಕೊನೆಗೆ ‘ಟಕ್’ ಎಂದು ಸದ್ದಾಗಿ ನಾಲಿಗೆ ಕೈಗೇ ಬಂತು.

ಕುಮಟೆಯಲ್ಲಿ ಪೇಟಿ ದುರಸ್ತಿ ಮಾಡುವ ಮುದುಕರೊಬ್ಬರು ಇದ್ದಾರೆ. ಮುರಿದ ರೀಡನ್ನು ಬೆಳಕಿಗೆ ಹಿಡಿದು ನೋಡಿ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀವು ಬ್ಯಾಂಕಿನಲ್ಲಿ ಕೆಲಸ ಮಾಡುವುದೇ?” ಎಂದರು. ಹೌದು ಎಂದೆ. “ಹಾಗಾದರೆ ಅದನ್ನೇ ಮಾಡಿ.” ಹಳೆಯ ಡಬ್ಬಿಯಲ್ಲಿ ಕೈಯಾಡಿಸಿ ಬೇರೊಂದು ರೀಡು ಹುಡುಕಿ, ಗಾಜಿನ ಚೂರಿನಂಥ ತೆಳು ಅಲಗಿನಿಂದ ಎರಡು ಸಲ ಸವರಿ, ಬಾಯಿಂದ ಊದಿ ಕೇಳಿ, ಕೊಟ್ಟರು. ಎರಡೇ ಸಲ. ತಿದಿಗೆ ಆಡಿನ ಚರ್ಮದ ಪಟ್ಟಿಗಳನ್ನೂ ಅವರೇ ಕತ್ತರಿಸಿ ಕೊಟ್ಟು, ಅಂಟಿಸುವುದನ್ನು ತೋರಿಸಿಕೊಟ್ಟರು. ಉಪ್ಪುಗಾಳಿಯ ಊರು, ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಣ್ಣ ಬಲ್ಬ್ ಉರಿಯುತ್ತಿರಲಿ ಎಂದರು.

ಫೆಬ್ರವರಿ 15

ಶಿವರಾತ್ರಿ. ಬೋಟಿನವನು ಗೋಕರ್ಣಕ್ಕೆ ಹೋಗಿದ್ದಾನೆ, ಕಡಲತೀರದ ಸಭೆ ಇಲ್ಲ. ಇಡೀ ಹಗಲು ಪೇಟಿಯ ಮುಂದೆ ಕಳೆದೆ. ಇಂದು ಬರೆಯಲು ವಿಷಯವಿದೆ.

‘ಇಂಟರ್‌ಸ್ಟೆಲ್ಲರ್’ನ ಮೆಕ್ಕೆಜೋಳದ ಹೊಲದ ದೃಶ್ಯದ ಸಂಗೀತವನ್ನು ಎಲ್ಲರೂ ಕೇಳಿದ್ದಾರೆ. ಬಿಳಿ ಆರನ್ನು ಷಡ್ಜ ಮಾಡಿಕೊಂಡರೆ ಅದಕ್ಕೆ ಕಪ್ಪು ಮನೆ ಒಂದೂ ಬೇಡ. ಮೂರರ ನಡೆ. ಬಲಗೈಯಲ್ಲಿ ಷಡ್ಜದಿಂದ ರಿಷಭಕ್ಕೆ, ರಿಷಭದಿಂದ ಕೋಮಲ ಗಾಂಧಾರಕ್ಕೆ ಮೆಟ್ಟಿಲು ಹತ್ತಿದ ಹಾಗೆ ಸ್ವರ ಏರುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಪಂಚಮ ಮಾತ್ರ ಇದ್ದಲ್ಲೇ ಇದ್ದು ಮತ್ತೆ ಮತ್ತೆ ಬಂದು ತಟ್ಟುತ್ತದೆ. ಕೆಳಗೆ ಎಡಗೈಯಲ್ಲಿ ಖರ್ಜದ (ತಗ್ಗಿನ ಸಪ್ತಕದ) ಸ್ವರ ಕೋಮಲ ಧೈವತ, ಕೋಮಲ ನಿಷಾದ, ಷಡ್ಜ ಎಂದು ತಾನೂ ಏರುತ್ತದೆ. ಸುತ್ತಲಿನದೆಲ್ಲ ಬದಲಾದರೂ ಪಂಚಮ ಕದಲುವುದಿಲ್ಲ. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಹೊಸದಲ್ಲ, ಅದಕ್ಕೇ ಇರಬೇಕು ಮೊದಲ ಸಲವೇ ನಮಗೆ ಒಳಗಿಳಿದದ್ದು. ಆ ಪಂಚಮ ಯಾವುದು? ಬಿಳಿ ಮೂರು. ನಾನು ಮುರಿದದ್ದು! ಈಗ ಕುಮಟೆಯ ರೀಡು ಇಡೀ ‘ಇಂಟರ್‌ಸ್ಟೆಲ್ಲರ್’ ಅನ್ನು ಹೊತ್ತು ನಿಂತಿದೆ.

ಕೈಪೇಟಿಯಲ್ಲಿ ಇದು ಆಗುತ್ತಿರಲಿಲ್ಲ. ಅಲ್ಲಿ ಎಡಗೈ ತಿದಿಗೆ ಹೋಗುತ್ತದೆ, ಖರ್ಜ ನುಡಿಸುವವರು ಯಾರು? ಕಾಲಿಗೆ ತಿದಿ ಬಂದ ಮೇಲೆ ಎರಡು ಕೈಯೂ ಬಿಡುವು. ಬೆರಳುಗಳು ಒಂದು ವಾರದಲ್ಲಿ ಕಲಿತವು. ಕಲಿಯದೆ ಕಾಡುತ್ತಿರುವುದು ಪಾದ. ಸ್ವರ ಸಣ್ಣಗೆ ಶುರುವಾಗಿ ತುಂಬಿಕೊಂಡು ಬರಬೇಕು. ನಾನು ಒತ್ತಿದಾಗ ಮೊದಲೇ ಅಬ್ಬರಿಸಿ, ನಡುವೆ ದಮ್ಮು ಕಟ್ಟಿ, ಕೊನೆಗೆ ಗೊರಕೆ ಹೊಡೆಯುತ್ತದೆ. ಗಾಳಿ ಎಷ್ಟು ಉಳಿದಿದೆ ಎಂದು ಪಾದದ ಅಡಿಯಲ್ಲಿ ತಿಳಿಯಬೇಕು.

ಜಿಮ್ಮರ್ ಈ ಚಿತ್ರಕ್ಕೆ ಯಾಕೆ ಆರ್ಗನ್ ಹಿಡಿದ ಎಂಬುದು ಈಗ ಕಾಲಿಗೆ ತಿಳಿಯುತ್ತಿದೆ. ಉಸಿರು ಸಿಗದ ಜಾಗಕ್ಕೆ ಹೋದವರ ಕಥೆಗೆ ಉಸಿರಿಲ್ಲದೆ ನುಡಿಯಲಾಗದ ವಾದ್ಯ. ಆ ಚಿತ್ರದ ಹುಟ್ಟೂ ಹಾಗೆಯೇ ಆಯಿತು. ಯಾವ ಬಗೆಯ ಸಿನಿಮಾ ಎಂದೇ ಹೇಳದೆ ನೋಲನ್ ಅವನಿಗೆ ಒಂದು ಪುಟ ಬರೆದು ಕೊಟ್ಟಿದ್ದ. ಅದರಲ್ಲಿದ್ದುದು ಅಪ್ಪ ಮತ್ತು ಮಗುವಿನ ವಿಷಯ, ಬಾಹ್ಯಾಕಾಶದ ಸುಳಿವಿಲ್ಲ. ಅದನ್ನು ಓದಿ ಮಾಡಿದ ಸಣ್ಣ ತುಣುಕಿನಿಂದಲೇ ಉಳಿದದ್ದೆಲ್ಲ ಬೆಳೆಯಿತು. ಆರ್ಗನ್ ಧ್ವನಿಮುದ್ರಣ ಆದದ್ದು ಲಂಡನ್ನಿನ ಟೆಂಪಲ್ ಚರ್ಚಿನಲ್ಲಿ. ನುಡಿಸಿದವನು ಆಗ ಅಲ್ಲಿ ಆರ್ಗನ್ ವಾದಕನಾಗಿದ್ದ ರೋಜರ್ ಸೇಯರ್. ಆ ಆರ್ಗನ್ ಕೂಡ ಆ ಚರ್ಚಿಗೆಂದು ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಸ್ಕಾಟ್ಲೆಂಡಿನ ಒಬ್ಬ ಶ್ರೀಮಂತನ ಮನೆಯ ನೃತ್ಯಶಾಲೆಗೆ ಕಟ್ಟಿದ್ದು. ಯುದ್ಧದಲ್ಲಿ ಚರ್ಚು ಬಾಂಬಿಗೆ ಸಿಕ್ಕು ಹಳೆಯ ಆರ್ಗನ್ ಹೋದ ಮೇಲೆ, 1954ರಲ್ಲಿ ಅಲ್ಲಿ ಕೂರಿಸಿದರು. ಮಾಸ್ತರಿಗೆ ಫೋನಿನಲ್ಲಿ ಇದನ್ನು ಹೇಳಿದೆ. “ಅದೂ ಸೆಕೆಂಡ್ ಹ್ಯಾಂಡ್ ಅನ್ನು!” ಎಂದರು, ಬಹಳ ಸಮಾಧಾನದಿಂದ.

ಮಾರ್ಚ್ 8

ಪೇಟಿಯ ಕೆಲಸ ಹೆಚ್ಚು ಆಗಿಲ್ಲ, ಬ್ಯಾಂಕಿನಲ್ಲಿ ವರ್ಷಾಂತ್ಯ. ಕಡಲತೀರದಲ್ಲಿ ಮಾತ್ರ ಎರಡು ಒಳ್ಳೆಯ ಜಗಳ.

ಮೊದಲನೆಯದು ಬೋಟಿನವನದು. ‘ಒಪೆನ್‌ಹೈಮರ್’ ನುಡಿಸಿ ತೋರಿಸು ಎಂದ. ಆಗುವುದಿಲ್ಲ ಎಂದೆ. ಆ ಚಿತ್ರದ ಜೀವ ಪಿಟೀಲು. ನುಡಿಸಿದವಳು ಗೊರಾನ್ಸನ್‌ನ ಹೆಂಡತಿಯೇ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಆ ನಡುಕ ಪೇಟಿಯಲ್ಲಿ ಎಲ್ಲಿದೆ? ನಮ್ಮದು ಮನೆ ಮನೆಯಾಗಿ ಕತ್ತರಿಸಿಟ್ಟ ಸ್ವರ, ಮೀಂಡ್ ಬಾರದು. ಆಕಾಶವಾಣಿ 1940ರಿಂದ ಮೂವತ್ತು ವರ್ಷ ಹಾರ್ಮೋನಿಯಂ ಅನ್ನು ಹೊರಗಿಟ್ಟದ್ದಕ್ಕೆ ಹೇಳಿದ ಕಾರಣಗಳಲ್ಲಿ ಇದೂ ಒಂದು. “ಹಾಗಾದರೆ ಗೊರಾನ್ಸನ್ ನಿನ್ನ ಪೆಟ್ಟಿಗೆಗೆ ಸಿಗದವನು, ದೊಡ್ಡವನು,” ಎಂದು ಅವನು ಕೈ ಝಾಡಿಸಿ ಎದ್ದ. ಅವನು ಗೆದ್ದ ಎಂದು ಒಪ್ಪಲು ಮನಸ್ಸಿಲ್ಲ. ಒಬ್ಬನದು ತಿದಿ, ಇನ್ನೊಬ್ಬನದು ಕಮಾನು. ನೋಲನ್ ಉಸಿರು ಬೇಕಾದಾಗ ಒಬ್ಬನನ್ನೂ ನರ ಬೇಕಾದಾಗ ಇನ್ನೊಬ್ಬನನ್ನೂ ಹಿಡಿದಿದ್ದಾನೆ. ಕಡಲಿನ ಕಥೆಗೆ ಎರಡೂ ಬೇಕಲ್ಲವೇ ಎಂಬುದು ನನ್ನ ಚಿಂತೆ. ‘ಒಡಿಸ್ಸಿ’ಗೆ ಸಂಗೀತ ಗೊರಾನ್ಸನ್‌ನದೇ.

ಎರಡನೆಯದು ಲೆಕ್ಕದ ಜಗಳ. ‘ಇಂಟರ್‌ಸ್ಟೆಲ್ಲರ್’ನಲ್ಲಿ ಬರುವ ನೀರೇ ನೀರಾದ ಆ ಗ್ರಹದಲ್ಲಿ ಒಂದು ಗಂಟೆ ಎಂದರೆ ಭೂಮಿಯಲ್ಲಿ ಏಳು ವರ್ಷ. ಅಲ್ಲಿ ಸಂಗೀತದ ಒಳಗೆ ಗಡಿಯಾರದಂಥ ಟಿಕ್ ಕೇಳುತ್ತದೆ. ಒಂದೊಂದು ಟಿಕ್‌ಗೆ ಭೂಮಿಯಲ್ಲಿ ಒಂದೊಂದು ದಿನ ಕಳೆಯುತ್ತದೆ ಎಂದು ಅಭಿಮಾನಿಗಳೆಲ್ಲ ಹೇಳುತ್ತಾರೆ, ನಾನೂ ಹೇಳಿದೆ. ಮಾಸ್ತರು ಕಡಲೆಕಾಯಿಯ ಪೊಟ್ಟಣ ಬಿಡಿಸಿ ಪೆನ್ನು ತೆಗೆದರು. ಏಳು ವರ್ಷಕ್ಕೆ 2557 ದಿನ. ಒಂದು ಗಂಟೆಗೆ 3600 ಸೆಕೆಂಡು. ಭಾಗಿಸಿದರೆ ದಿನಕ್ಕೆ 1.41 ಸೆಕೆಂಡು. ಟಿಕ್ ಎಷ್ಟಕ್ಕೊಮ್ಮೆ ಬರುತ್ತದೆ? ಮೊಬೈಲಿನಲ್ಲಿ ಹಾಕಿ ಎಣಿಸಿದೆವು: ಹತ್ತು ಟಿಕ್‌ಗೆ ಹನ್ನೆರಡೂವರೆ ಸೆಕೆಂಡು. ಅಂದರೆ 1.25. “ಇದು ದಿನವಲ್ಲ, 21 ಗಂಟೆ ಚಿಲ್ಲರೆ,” ಎಂದು ಅಡಿಗೆರೆ ಎಳೆದರು. “ಹತ್ತಿರವಾಯಿತಲ್ಲ ಮಾಸ್ತರೇ,” ಎಂದೆ. ಪರೀಕ್ಷೆಯಲ್ಲಿ ಹತ್ತಿರಕ್ಕೆ ಅಂಕ ಕೊಡುವುದಿಲ್ಲ ಎಂದರು.

ಏಪ್ರಿಲ್ 12

ಇಂದು ಮೊದಲ ಬಾರಿಗೆ ಇಬ್ಬರನ್ನೂ ಮಹಡಿಗೆ ಕರೆದೆ. ಹೆಂಡತಿ ಕೋಕಂ ಶರಬತ್ತು ಕೊಟ್ಟು ಮೂಲೆಯಲ್ಲಿ ಕೂತಳು.

ಮೊದಲ ಸಲ ನಡುವೆ ನಿಂತೆ. ಎರಡನೆಯ ಸಲ ಕೊನೆಯವರೆಗೂ ಹೋದೆ. ಖರ್ಜದ ಸ್ವರ ಏರಿದಾಗ ಕಿಟಕಿಯ ಗಾಜು ಸಣ್ಣಗೆ ಅದುರಿತು. ಬೋಟಿನವನು ಗಾಜಿನ ಕಡೆ ತಿರುಗಿ ನೋಡಿದ್ದನ್ನು ಕಂಡೆ. ಅವನು ಹೊಗಳಲಿಲ್ಲ. ಇನ್ನೊಮ್ಮೆ ಎಂದ. ಅವನ ಬಾಯಿಂದ ಅಷ್ಟು ಬಂದರೆ ಸಾಕು.

ಉಳಿದ ಕೆಲಸ ಇದೆ. ಎಡಗಡೆಯ ಮಡಿಕೆಯಲ್ಲಿ ಇನ್ನೂ ಗಾಳಿ ಸೋರುತ್ತದೆ. ಮೇಲಿನ ಸಪ್ತಕದ ಎರಡು ಮನೆ ಒತ್ತಿದರೆ ಎದ್ದು ಬರುವುದಿಲ್ಲ, ಮಳೆ ಬಿದ್ದರೆ ಇನ್ನಷ್ಟು ಮನೆಗಳು ಅವುಗಳ ಜೊತೆ ಸೇರುತ್ತವೆ. ಜುಲೈಗೆ ಮಡಗಾಂವಿನ ಯೋಜನೆಯೂ ಆಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಬೋಟಿನವನಿಗೆ ಪೂರ್ತಿ ಬಿಡುವು. “ನೋಲನ್ ನನ್ನ ರಜೆ ನೋಡಿಯೇ ತಾರೀಖು ಇಟ್ಟಿದ್ದಾನೆ,” ಎನ್ನುತ್ತಾನೆ. ಮಾಸ್ತರಿಗೆ ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಯ ಚಿಂತೆ. ಇಡೀ ಚಿತ್ರವನ್ನು ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದಿದ್ದಾರೆ, ಅಷ್ಟು ದೊಡ್ಡ ಪರದೆ ನಮಗೆ ಎಲ್ಲಿ ಸಿಗಬೇಕು ಎಂದು ನಾನು ಗೊಣಗಿದೆ. ಕಿಟಕಿಯಾಚೆ ಕೈ ತೋರಿಸಿ ಬೋಟಿನವನು, ಕಡಲು ನೋಡಬೇಕಾದರೆ ಅಲ್ಲಿದೆ ಎಂದ.

ಇನ್ನೊಂದು ದೋಷವನ್ನು ಹೆಂಡತಿ ಹುಡುಕಿದಳು. ಬಲಗಾಲಿನ ಪೆಡಲ್ ಒತ್ತಿದಾಗಲೆಲ್ಲ ಕೀಲು ‘ಕಿರ್’ ಎನ್ನುತ್ತದೆ. ನುಡಿಸುವವನಿಗೆ ಕೇಳಿಸುವುದಿಲ್ಲ, ಕೂತವರಿಗೆ ಚೆನ್ನಾಗಿ ಕೇಳಿಸುತ್ತದೆ. ಅಡುಗೆಮನೆಯಿಂದ ತೆಂಗಿನೆಣ್ಣೆ ತರಲು ಅವಳು ಎದ್ದಳು. ಮಾಸ್ತರು ಕೈ ಅಡ್ಡ ಹಿಡಿದು ತಡೆದರು. ಇನ್ನೊಮ್ಮೆ ನುಡಿಸು ಎಂದು ಗಡಿಯಾರ ನೋಡುತ್ತ ಕೂತರು. ಹತ್ತು ಕಿರ್‌ಗೆ ಹದಿನಾಲ್ಕು ಸೆಕೆಂಡು.

“ಎಣ್ಣೆ ಹಾಕಬೇಡಿ ತಂಗಿ,” ಎಂದರು. “ಲಂಡನ್ನಿನವರು ತಪ್ಪಿದ ಲೆಕ್ಕ ಇಲ್ಲಿ ಸರಿಬಂದಿದೆ.”