ಡೇರೆ ಕೊಡುವ ಮೊದಲು ಕೇಳಬೇಕಾದದ್ದು

ಬೆಂಗಳೂರಿನಲ್ಲಿ ಚಾರಣದ ಸಾಮಗ್ರಿಗಳನ್ನು ಮಾರುವ ಮತ್ತು ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಡೇರೆ ಕೇಳಿಕೊಂಡು ಬರುವವರು ಸಾಮಾನ್ಯವಾಗಿ ಎಷ್ಟು ಜನ ಮಲಗಬೇಕು, ಎಷ್ಟು ಹಣ ಹಾಕಬಹುದು ಎಂಬುದನ್ನಷ್ಟೇ ಹೇಳುತ್ತಾರೆ. ಇವೆರಡರಿಂದಲೇ ಡೇರೆಯನ್ನು ಆರಿಸಲಾಗದು ಎಂಬುದು ಈ ಕೆಲಸದಲ್ಲಿ ನನಗೆ ಮನದಟ್ಟಾದ ಸಂಗತಿ. ಆದ್ದರಿಂದ ಅದನ್ನು ಎಲ್ಲಿ ಹಾಕುತ್ತೀರಿ, ಯಾವ ತಿಂಗಳಲ್ಲಿ ಹೋಗುತ್ತೀರಿ, ಅಲ್ಲಿಯವರೆಗೆ ಹೊರುವವರು ಯಾರು ಎಂದು ನಾನು ಮೊದಲು ವಿಚಾರಿಸುತ್ತೇನೆ.

‘ಇಬ್ಬರ ಡೇರೆ’ ಎಂದರೆ ಎರಡು ಚಾಪೆಗಳು ಅಂಚಿಗೆ ಅಂಚು ತಾಗಿ ಹಿಡಿಸುವಷ್ಟು ಜಾಗ. ಬೆನ್ನಚೀಲಗಳಿಗೆ ಅದರಲ್ಲಿ ಲೆಕ್ಕವಿಲ್ಲ. ಕಾರಿನಲ್ಲಿ ಹೋಗಿ ತೋಟದ ಬದಿಯಲ್ಲಿ ತಂಗುವ ಕುಟುಂಬ ಒಬ್ಬರಿಬ್ಬರಿಗೆ ಹೆಚ್ಚುವರಿ ಜಾಗವಿರುವ, ಎದ್ದು ನಿಲ್ಲಬಹುದಾದ ಎತ್ತರದ ಡೇರೆಯನ್ನೇ ಒಯ್ಯಲಿ, ಅಲ್ಲಿ ತೂಕ ಯಾರಿಗೂ ಹೊರೆಯಲ್ಲ. ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವ ಇಬ್ಬರಿಗಾದರೆ 2 ಕಿಲೋ ಆಸುಪಾಸಿನ, ಅಲ್ಯೂಮಿನಿಯಂ ಕೋಲುಗಳ ಡೇರೆ ಸೂಕ್ತ. ಫೈಬರ್ ಗ್ಲಾಸಿನ ಕೋಲುಗಳು ಅಗ್ಗವಾದರೂ ಹೆಚ್ಚು ತೂಗುತ್ತವೆ, ಬಾಗಿಸಿದಾಗ ಸೀಳುವ ಸಂಭವವೂ ಅವುಗಳಿಗೇ ಹೆಚ್ಚು.

ನಮಗೆ ಬರುವ ದೂರುಗಳಲ್ಲಿ ನಾನು ಅತ್ಯಂತ ಗಂಭೀರವಾಗಿ ವಿವರಿಸುವುದು ‘ಡೇರೆ ಸೋರಿತು’ ಎಂಬುದನ್ನು. ಬಟ್ಟೆಯ ಗುಣಮಟ್ಟವನ್ನು 2000 ಅಥವಾ 3000 ಮಿಲಿಮೀಟರ್ ಎಂದು ನಮೂದಿಸಿರುತ್ತಾರೆ; ಅಷ್ಟು ಎತ್ತರದ ನೀರಿನ ಸ್ತಂಭದ ಒತ್ತಡವನ್ನು ಬಟ್ಟೆ ತಡೆಯಬಲ್ಲದು ಎಂಬುದು ಅದರ ತಾತ್ಪರ್ಯ. ಹೊಲಿಗೆಗಳ ಮೇಲೆ ಪಟ್ಟಿ ಅಂಟಿಸಿದ್ದರೆ ಅಂಥ ಡೇರೆ ಮಲೆನಾಡಿನ ಮಳೆಯನ್ನೂ ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಮಲಗಿದವರ ಉಸಿರಿನ ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ತಣ್ಣನೆಯ ಹೊರಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಬೆಳಗಿನ ಜಾವ ಮುಖದ ಮೇಲೆ ಬೀಳುವ ಹನಿ ಎಷ್ಟೋ ಬಾರಿ ಮಳೆಯದಲ್ಲ, ಅದು ಒಳಗಿನದೇ. ಆಗುಂಬೆಯ ಸುತ್ತಿನಂತೆ ಗಾಳಿಯೇ ನೆನೆದಿರುವ ಸೀಮೆಗೆ ಹೋಗುವವರಿಗೆ ನಾನು ಇನ್ನೂ ದಪ್ಪನೆಯ ಬಟ್ಟೆಯನ್ನು ಸೂಚಿಸುವುದಿಲ್ಲ. ಒಳಗೆ ಜಾಲರಿ, ಹೊರಗೆ ನೆಲದ ಹತ್ತಿರದವರೆಗೆ ಇಳಿಯುವ ಹೊದಿಕೆ, ನಡುವೆ ಗಾಳಿಯಾಡುವ ಅಂತರ, ಮೇಲ್ಭಾಗದಲ್ಲಿ ಕಿಂಡಿ, ಒದ್ದೆ ಬೂಟು ಬಿಡಲು ಬಾಗಿಲ ಮುಂದೆ ಮುಚ್ಚಿದ ಜಾಗ, ಇಷ್ಟಿರುವುದನ್ನು ತೆಗೆದುಕೊಡುತ್ತೇನೆ. ಮಳೆಯೆಂದು ಹೆದರಿ ಕಿಂಡಿ ಮುಚ್ಚಬೇಡಿ ಎಂದೂ ಒತ್ತಿ ಹೇಳುತ್ತೇನೆ. ನೆಲಕ್ಕೆ ಹಾಸುವ ಟಾರ್ಪಾಲಿನ್ ಡೇರೆಯ ಅಂಚಿನಿಂದ ಹೊರಚಾಚಿದರೆ ಮೇಲಿಂದ ಇಳಿದ ನೀರು ಅದರ ಮೇಲೆ ನಿಂತು ಡೇರೆಯ ಕೆಳಗೆ ಸೇರುವುದರಿಂದ, ಅದನ್ನು ಒಳಕ್ಕೆ ಮಡಚಿಡಬೇಕು.

ಗೋಕರ್ಣದ ಕಡೆಯ ಮರಳಿನಲ್ಲಿ ಸಣ್ಣ ಗೂಟಗಳು ನಿಲ್ಲುವುದಿಲ್ಲ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಹೂಳಬೇಕು.

ಹಿಮಾಲಯಕ್ಕೆ ಹೋಗುವವರ ಅಗತ್ಯ ಬೇರೆಯೇ ಆಗಿರುತ್ತದೆ. ಜೂನ್ ಅಥವಾ ಸೆಪ್ಟೆಂಬರಿನಲ್ಲಿ ಹಿಮಾಚಲದ ಸುಮಾರು 4,270 ಮೀಟರ್ ಎತ್ತರದ ಹಂಪ್ಟಾ ಕಣಿವೆದಾರಿಯನ್ನು ದಾಟುವವರಿಗೆ ಗಟ್ಟಿಯಾದ ‘ಮೂರು ಋತುಗಳ’ ಡೇರೆ, ಅಂದರೆ ಹಿಮ ಬೀಳುವ ಚಳಿಗಾಲ ಬಿಟ್ಟು ಉಳಿದ ಕಾಲಕ್ಕೆಂದು ಮಾಡಿದ್ದು, ಸಾಮಾನ್ಯವಾಗಿ ಸಾಕು. ಡಿಸೆಂಬರ್‌ನಲ್ಲಿ ಉತ್ತರಾಖಂಡದ ಕೇದಾರಕಂಠ ಬೆಟ್ಟದ ಹಿಮದ ಮೇಲೆ ಮಲಗುವವರಿಗೆ ಮಾತ್ರ, ಕೋಲುಗಳು ಹಲವು ಕಡೆ ಒಂದನ್ನೊಂದು ಹಾಯ್ದು ಹಿಮದ ಭಾರವನ್ನೂ ಗಾಳಿಯನ್ನೂ ಹಂಚಿಕೊಳ್ಳುವ ನಾಲ್ಕು ಋತುಗಳ ಡೇರೆ ಬೇಕಾಗುತ್ತದೆ. ಅದನ್ನೇ ಕೊಂಡು ನಮ್ಮ ಘಟ್ಟಗಳಲ್ಲೂ ಬಳಸುತ್ತೇವೆ ಎನ್ನುವವರನ್ನು ನಾನು ತಡೆಯುತ್ತೇನೆ, ಏಕೆಂದರೆ ಜಾಲರಿ ಕಡಿಮೆಯಿರುವ ಆ ಡೇರೆಯಲ್ಲಿ ಇಲ್ಲಿನ ಸೆಕೆಗೆ ನಿದ್ದೆ ಹತ್ತುವುದಿಲ್ಲ. ಹೋಗುವ ಜಾಗದಲ್ಲಿ ರಾತ್ರಿ ತಂಗಲು ಅನುಮತಿಯಿದೆಯೇ ಎಂದೂ ಕೇಳುತ್ತೇನೆ. ಉತ್ತರಾಖಂಡದ ಬುಗ್ಯಾಲ್ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಅಲ್ಲಿನ ಹೈಕೋರ್ಟ್ 2018ರಲ್ಲಿ ನಿಷೇಧಿಸಿತು.

ಯಾವ ಡೇರೆಯಾದರೂ ಸರಿ, ಅದರೊಳಗೆ ಒಲೆ ಹಚ್ಚಬಾರದು, ಕೆಂಡವನ್ನೂ ಇಡಬಾರದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ. ಈ ಮಾತನ್ನು ಹೇಳದೆ ನಾನು ಯಾರನ್ನೂ ಕಳುಹಿಸುವುದಿಲ್ಲ.

ಊರಿಗೆ ಮರಳಿದ ದಿನವೇ ಡೇರೆಯನ್ನು ಬಿಡಿಸಿ ನೆರಳಿನಲ್ಲಿ ಒಣಗಿಸಬೇಕು. ಒದ್ದೆಯಾಗಿಯೇ ಸುತ್ತಿಟ್ಟರೆ ಬೂಷ್ಟು ಹಿಡಿಯುವುದಲ್ಲದೆ, ನೀರು ತಡೆಯುವ ಒಳಗಿನ ಪಾಲಿಯುರೇಥೇನ್ ಲೇಪ ಕಾಲಕ್ರಮೇಣ ತೇವಕ್ಕೆ ಶಿಥಿಲವಾಗಿ ಅಂಟಂಟಾಗಿ, ಸಿಪ್ಪೆಯಂತೆ ಏಳತೊಡಗುತ್ತದೆ. ಆ ಹಂತಕ್ಕೆ ಬಂದ ಡೇರೆಯನ್ನು ನಾವು ಬಾಡಿಗೆಗೆ ಕೊಡುವುದಿಲ್ಲ.