ಬಲೂನು ಹೊಲಿದವರು

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹುಡುಕುತ್ತಿದ್ದಾಗ ‘ನೈಟ್ ಕ್ರಾಸಿಂಗ್’ ಸಿಕ್ಕಿತು. 1982ರ ಡಿಸ್ನಿ ಸಿನಿಮಾ. ಡಿಸ್ನಿ ಅಂದ್ರೆ ಇಲಿ, ಬಾತುಕೋಳಿ ಅಂದುಕೊಂಡು ಕೂತವನಿಗೆ ಪೂರ್ವ ಜರ್ಮನಿಯ ಮುಳ್ಳುತಂತಿ ಎದುರಾಯಿತು.

ನಡೆದದ್ದೇ ಕಥೆ. ಎರಡು ಕುಟುಂಬ, ನಾಲ್ಕು ಜನ ದೊಡ್ಡವರು, ನಾಲ್ಕು ಮಕ್ಕಳು. ಚಿಕ್ಕದಕ್ಕೆ ಬರೀ 2 ವರ್ಷ! 1979ರ ಸೆಪ್ಟೆಂಬರ್ 16ರ ನಡುರಾತ್ರಿ ಕಳೆದ ಮೇಲೆ, ತಾವೇ ಹೊಲಿದ ಬಿಸಿಗಾಳಿ ಬಲೂನು ಹತ್ತಿ ಗಡಿ ದಾಟಿ ಪಶ್ಚಿಮ ಜರ್ಮನಿಗೆ ತಪ್ಪಿಸಿಕೊಂಡರು. ಹಾರಿದ್ದು ಅರ್ಧ ಗಂಟೆಯೂ ಇಲ್ಲ. ತಯಾರಿಗೆ ಹಿಡಿದದ್ದು ಒಂದೂವರೆ ವರ್ಷ.

ನನಗೆ ಕಾಡಿದ್ದು ಬಟ್ಟೆಯ ವಿಷಯ. ಒಂದೇ ಅಂಗಡಿಯಲ್ಲಿ ಜಾಸ್ತಿ ಕೊಂಡರೆ ಅನುಮಾನ. ಅದಕ್ಕೇ ಊರೂರು ಸುತ್ತಿ ಸ್ವಲ್ಪ ಸ್ವಲ್ಪವೇ ತಂದರು. ಸಾವಿರ ಚದರ ಮೀಟರಿಗೂ ಮಿಕ್ಕಿದ ಬಟ್ಟೆ, ಮನೆಯ ಹೊಲಿಗೆ ಮಿಷನ್ನಿನಲ್ಲಿ! ಅದಕ್ಕೂ ಮುಂಚೆ ಜುಲೈನಲ್ಲಿ ಒಂದು ಕುಟುಂಬ ಹಾರಿ, ಗಡಿಗೆ ಇನ್ನು 200 ಮೀಟರಿನಷ್ಟು ಇರುವಾಗ ಕೆಳಗಿಳಿದಿತ್ತು. ಮತ್ತೆ ಮೊದಲಿಂದ ಹೊಲಿಯಬೇಕು ಅಂದ್ರೆ ನಾನಾಗಿದ್ರೆ ಸೂಜಿ ಎಸೆದು ಮಲಗುತ್ತಿದ್ದೆ.

ಸಿನಿಮಾದಲ್ಲಿ ಬ್ರಿಟಿಷ್ ನಟ ಜಾನ್ ಹರ್ಟ್ ಜರ್ಮನ್ ಅಪ್ಪನಾಗಿ ಚೊಕ್ಕ ಇಂಗ್ಲಿಷ್ ಮಾತಾಡೋದು ಸ್ವಲ್ಪ ತಮಾಷೆ. ಐದು ನಿಮಿಷದಲ್ಲಿ ಮರೆತುಹೋಗುತ್ತೆ, ಬಿಡಿ.

ಇಳಿದ ಮೇಲೆ ಅವರಿಗೆ ಯಾವ ಕಡೆ ಇದ್ದೇವೆ ಅನ್ನೋದೇ ಗೊತ್ತಿಲ್ಲ. ಎದುರು ಸಿಕ್ಕ ಪೊಲೀಸರನ್ನೇ ಕೇಳಬೇಕಾಯಿತು, ನಾವು ಪಶ್ಚಿಮದಲ್ಲಿದ್ದೇವಾ ಅಂತ. ಪಶ್ಚಿಮ ಜರ್ಮನಿಯ ಬವೇರಿಯಾದ ಪೊಲೀಸರು, ಪುಣ್ಯಕ್ಕೆ.

ಬೆಳಿಗ್ಗೆ ಎದ್ದು ಅಮ್ಮನ ಹಳೇ ಮಿಷನ್ನಿನ ಮೇಲಿದ್ದ ಬಟ್ಟೆ ರಾಶಿ ತೆಗೆದು ಪೆಡಲ್ ತುಳಿದು ನೋಡಿದೆ. ಬೆಲ್ಟ್ ಹರಿದಿದೆ.